ಮನೋವ್ಯಾಧಿಗಳ ವರ್ಗೀಕರಣದಲ್ಲಿ ‘ಲಕ್ಷಣ’ ಶಬ್ದದ ವಿಚಾರ

‘ಲಕ್ಷಣ’ವೆಂಬ ಶಬ್ದವು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಎರಡು ಅರ್ಥಗಳಲ್ಲಿ ರೂಢವಾಗಿದೆ. ವೈದ್ಯನು ಜ್ವರದ ಲಕ್ಷಣವೆಂದರೆ ಮೈ ಬಿಸಿಯಾಗುವುದು, ಬಾಯಾರಿಕೆ ಮೊದಲಾದ ಕುರುಹುಗಳೆಂದು ಅರ್ಥ. ತಾರ್ಕಿಕನು ಗೋವಿನ ಲಕ್ಷಣವೆಂದರೆ ಗೋವುಗಳೆಲ್ಲದರಲ್ಲಿಯೂ ಇದ್ದು ಬೇರೆ ಯಾವುದರಲ್ಲಿಯೂ ಇರದ ಅಸಾಧಾರಣಧರ್ಮವೆಂದು ಅರ್ಥ. ಮೊದಲನೆಯದು ಕುರುಹು, ಎರಡನೆಯದು ನಿರ್ವಚನ. ಕುರುಹು ತೋರದಿದ್ದರೂ ವಸ್ತುವಿರಬಹುದು. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದಿದ್ದರೂ ಬೆಂಕಿಯುಂಟು. ನಿರ್ವಚನವು ಹೊಂದದಿದ್ದರೆ ಮಾತ್ರ ಅದು ಆ ವಸ್ತುವೇ ಅಲ್ಲ. ಇಂತು ಭಿನ್ನವಾದ ಈ ಎರಡು ಅರ್ಥಗಳು ಒಂದರಲ್ಲೊಂದು ಬೆರೆತು, ಕುರುಹೇ ನಿರ್ವಚನದ ಸ್ಥಾನವನ್ನು ಪಡೆದಿರುವ ಶಾಸ್ತ್ರವೊಂದಿದ್ದರೆ ಅದು ಈ ಕಾಲದ ಮನೋವ್ಯಾಧಿಗಳ ವರ್ಗೀಕರಣಶಾಸ್ತ್ರ. ಇದು ಬರಿಯ ಪದವಿಚಾರವೆಂದು ಕಡೆಗಣಿಸತಕ್ಕುದಲ್ಲ. ಒಬ್ಬನಿಗೆ ಮನೋವ್ಯಾಧಿಯುಂಟೆ ಇಲ್ಲವೆ ಎಂಬುದನ್ನು ಆ ವರ್ಗೀಕರಣದಂತೆಯೇ ನಿಶ್ಚಯಿಸಬೇಕೆಂದು ಭಾರತದ ಶಾಸನವು ವಿಧಿಸಿದೆ.

ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸುವ ‘ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ’ಕ್ಕೆ ಮೂಲವು ೧೮೯೩ರಲ್ಲಿ ಫ್ರಾನ್ಸ್ ದೇಶದ ಜಾಕ್ ಬೆರ್ತಿಯೋಂ ಎಂಬ ಸಂಖ್ಯಾಶಾಸ್ತ್ರಜ್ಞನು ಶಿಕಾಗೋ ನಗರದ ಸಮ್ಮೇಳನದಲ್ಲಿ ಮಂಡಿಸಿದ ಮರಣಕಾರಣಗಳ ಪಟ್ಟಿ. ಅದು ಸತ್ತವರ ಲೆಕ್ಕ. ಬದುಕಿರುವವರ ರೋಗಗಳಿಗೂ ಎಡೆಮಾಡಿ, ಮನೋವ್ಯಾಧಿಗಳಿಗೆ ಒಂದು ಪ್ರತ್ಯೇಕ ಪ್ರಕರಣವನ್ನು ಕೊಟ್ಟುದು ೧೯೪೮ರ ಆರನೆಯ ಪರಿಷ್ಕರಣ. ೧೯೯೦ರಲ್ಲಿ ಅಂಗೀಕೃತವಾದ ಹತ್ತನೆಯ ಪರಿಷ್ಕರಣದಲ್ಲಿ ಈ ವ್ಯಾಧಿಗಳು ಐದನೆಯ ಅಧ್ಯಾಯದಲ್ಲಿ ‘ಎಫ್’ ಅಕ್ಷರದ ಕೆಳಗಿದ್ದುವು; ೨೦೧೯ರಲ್ಲಿ ಅಂಗೀಕೃತವಾಗಿ ೨೦೨೨ರ ಜನವರಿ ೧ರಿಂದ ಜಾರಿಗೆ ಬಂದ ಹನ್ನೊಂದನೆಯದರಲ್ಲಿ ಆರನೆಯ ಅಧ್ಯಾಯದಲ್ಲಿವೆ. ಸ್ಕಿಜೋಫ್ರೇನಿಯವೆಂಬ ವ್ಯಾಧಿಯ ಸಂಕೇತವು ‘೬ಎ೨೦’. ಇದರಲ್ಲಿ ಆರು ಎಂಬುದು ಅಧ್ಯಾಯದ ಸಂಖ್ಯೆ; ಎರಡನೆಯ ಸ್ಥಾನದಲ್ಲಿ ಯಾವಾಗಲೂ ಅಕ್ಷರವೇ ಇರಬೇಕು. ಸೊನ್ನೆಯೆಂದೂ ಒಂದೆಂದೂ ಭ್ರಾಂತಿಯಾದೀತೆಂದು ‘ಓ’, ‘ಐ’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟಿದ್ದಾರೆ. ಕೊನೆಯಲ್ಲಿ ‘ವೈ’ ಬಂದರೆ ‘ಹೇಳಿದುದಕ್ಕಿಂತ ಬೇರೆಯಾದುದು’ ಎಂದೂ ‘ಝಡ್’ ಬಂದರೆ ‘ವಿಶೇಷವು ತಿಳಿಯದುದು’ ಎಂದೂ ಸಂಕೇತ. ಪಟ್ಟಿಗೆ ಸಿಕ್ಕದೆ ಉಳಿಯುವುದು ಉಂಟೆಂಬುದನ್ನು ಪಟ್ಟಿಯನ್ನು ಮಾಡಿದವರೇ ಒಪ್ಪಿಕೊಂಡು ಕಟ್ಟಿರುವ ವ್ಯವಸ್ಥೆಯಿದು.

ಸಂಖ್ಯೆಯಿಂದ ರೋಗಗಳನ್ನು ಜೋಡಿಸುವುದು ಭಾರತೀಯ ವೈದ್ಯರಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಅಷ್ಟೋದರೀಯವೆಂಬ ಹೆಸರು ಬಂದುದೇ ಅದು ಎಂಟು ಬಗೆಯ ಉದರರೋಗಗಳಿಂದ ಮೊದಲಾಗುವುದರಿಂದ. ಉನ್ಮಾದಗಳು ಐದು, ಅಪಸ್ಮಾರಗಳು ನಾಲ್ಕು ಎಂದು ಅಲ್ಲಿ ಗಣನೆಯಿದೆ. ಆದರೆ ಆ ಸಂಖ್ಯೆಯು ಒಂದು ರೋಗದಲ್ಲಿರುವ ಭೇದಗಳ ಎಣಿಕೆ. ಈ ಸಂಖ್ಯೆಯು ರೋಗಕ್ಕೆ ಕಟ್ಟಿದ ಗುರುತಿನ ಚೀಟಿ. ಅದಕ್ಕೆ ಸಮನಾಗಿ ಕಂಡರೂ ಇದರ ಪ್ರಯೋಜನವೇ ಬೇರೆ.

ಉನ್ಮಾದವೆಂದರೇನು ಎಂಬ ಪ್ರಶ್ನೆಗೆ ಚರಕನ ನಿದಾನಸ್ಥಾನವು ಕೊಡುವ ಉತ್ತರವು ಗಮನಾರ್ಹವಾದುದು. ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೇ ಉನ್ಮಾದವೆಂದು ಅಲ್ಲಿ ನಿರ್ಣಯ. ಇದು ಸಾಮಾನ್ಯಲಕ್ಷಣ. ಅವಾಂತರಭೇದಗಳನ್ನು ಹೇಳುವಾಗ ಮಾತ್ರ ಗ್ರಂಥಕಾರನು ಕುರುಹನ್ನು ಬಿಟ್ಟು ಕಾರಣವನ್ನು ಹಿಡಿಯುತ್ತಾನೆ: ವಾತದಿಂದ, ಪಿತ್ತದಿಂದ, ಕಫದಿಂದ, ಮೂರರ ಸನ್ನಿಪಾತದಿಂದ, ಆಗಂತುವಾದ ಕಾರಣದಿಂದ ಎಂದು ಐದು. ಸುಶ್ರುತನ ಉತ್ತರತಂತ್ರವು ಆಗಂತುವನ್ನು ಇಲ್ಲಿ ಸೇರಿಸದೆ ಭೂತವಿದ್ಯೆಯ ಪ್ರಕರಣಕ್ಕೆ ಕಳುಹಿಸಿ, ಅದರ ಸ್ಥಳದಲ್ಲಿ ಮನೋದುಃಖದಿಂದ ಹುಟ್ಟುವುದು, ವಿಷದಿಂದ ಹುಟ್ಟುವುದು ಎಂಬ ಎರಡನ್ನು ಸೇರಿಸಿ ಆರೆಂದು ಹೇಳುತ್ತದೆ. ವಾಗ್ಭಟನ ಅಷ್ಟಾಂಗಹೃದಯವೂ ಆರನ್ನೇ ಒಪ್ಪಿದೆ. ಸಂಖ್ಯೆಯಲ್ಲಿ ಭೇದವಿದ್ದರೂ ವಿಭಾಜಕಧರ್ಮದಲ್ಲಿ ಇವರಲ್ಲಿ ಭೇದವಿಲ್ಲ. ಎಲ್ಲರೂ ಹೇತುವಿನಿಂದಲೇ ವಿಭಾಗಿಸುತ್ತಾರೆ. ಹೇತುವು ತಿಳಿದರೆ ಚಿಕಿತ್ಸೆಯು ತಾನಾಗಿ ತೋರುತ್ತದೆಯೆಂಬುದು ಅವರ ಆಶಯ.

ಕನ್ನಡ ಭಾಷೆಯು ಈ ವಿಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆಯೆನ್ನಬಹುದು. ಹಳಗನ್ನಡದ ‘ಮರುಳ್’ ಶಬ್ದಕ್ಕೆ ಪಿಶಾಚವೆಂಬ ಅರ್ಥವೂ ಉಂಟು, ಹುಚ್ಚು ಎಂಬ ಅರ್ಥವೂ ಉಂಟು. ಕಾವ್ಯಗಳ ರಣವರ್ಣನೆಯಲ್ಲಿ ಹೆಣಗಳ ನಡುವೆ ಕುಣಿಯುವ ಮರುಳುಗಳು ಮೊದಲನೆಯ ಅರ್ಥದವು. ಒಬ್ಬನು ಮರುಳಾದನು ಎನ್ನುವಲ್ಲಿ ಎರಡನೆಯದು. ಹಿಡಿಯುವುದಕ್ಕೂ ಹಿಡಿದುದರ ಫಲಕ್ಕೂ ಒಂದೇ ಹೆಸರಾಗಿ, ಕಾರಣಕಾರ್ಯಗಳ ಭೇದವೇ ಶಬ್ದದಲ್ಲಿ ಅಳಿದುಹೋಗಿದೆ. ಚರಕನಾದರೋ ಈ ಸ್ಥಳದಲ್ಲಿ ಎಚ್ಚರಿಕೆಯಿಂದ ನಡೆದಿದ್ದಾನೆ. ಆಗಂತೂನ್ಮಾದವನ್ನು ಒಪ್ಪಿಯೂ, ಅದಕ್ಕೆ ಪ್ರಜ್ಞಾಪರಾಧವೇ ಮೂಲವೆಂದೂ, ತನ್ನ ಕರ್ಮದಿಂದ ಬಂದ ರೋಗಕ್ಕೆ ದೇವತೆಗಳನ್ನಾಗಲಿ ಪಿತೃಗಳನ್ನಾಗಲಿ ರಾಕ್ಷಸರನ್ನಾಗಲಿ ದೂರತಕ್ಕುದಲ್ಲವೆಂದೂ ಹೇಳಿದ್ದಾನೆ.

ಪಾಶ್ಚಾತ್ಯ ದೇಶಗಳಲ್ಲಿ ಮೊದಲು ಅವಸರವಾಗಿ ಬೇಕಾದುದು ರೋಗದ ಜ್ಞಾನವಲ್ಲ, ರೋಗಿಗಳ ಲೆಕ್ಕ. ಅಮೆರಿಕದ ಸಂಯುಕ್ತಸಂಸ್ಥಾನಗಳ ೧೮೪೦ರ ಜನಗಣತಿಯಲ್ಲಿ ಬುದ್ಧಿಮಾಂದ್ಯಕ್ಕೂ ಹುಚ್ಚಿಗೂ ಸೇರಿ ಒಂದೇ ಅಂಕಣವಿದ್ದಿತು. ದಾಸ್ಯವಿಲ್ಲದ ಉತ್ತರದ ಸಂಸ್ಥಾನಗಳಲ್ಲಿ ಸ್ವತಂತ್ರರಾದ ನೀಗ್ರೋ ಜನರೊಳಗೆ ಹುಚ್ಚರು ಬಹಳವೆಂದು ಆ ಗಣತಿಯಿಂದ ತೋರಿತು. ದಾಸ್ಯಪದ್ಧತಿಯ ಪಕ್ಷಪಾತಿಗಳು ಇದನ್ನು ಹಿಡಿದುಕೊಂಡು, ಸ್ವಾತಂತ್ರ್ಯವೇ ಈ ಜನರನ್ನು ಹುಚ್ಚರನ್ನಾಗಿ ಮಾಡುತ್ತದೆಯೆಂದು ವಾದಿಸಿದರು. ಎಡ್ವರ್ಡ್ ಜಾರ್ವಿಸ್ ಎಂಬ ವೈದ್ಯನು ಅಂಕಣಗಳನ್ನು ಒಂದೊಂದಾಗಿ ಪರಿಶೀಲಿಸಿ ನೋಡಲು, ಕೆಲವು ಊರುಗಳಲ್ಲಿ ಬರೆದಿದ್ದ ನೀಗ್ರೋ ಹುಚ್ಚರ ಸಂಖ್ಯೆಯು ಅಲ್ಲಿದ್ದ ನೀಗ್ರೋ ಜನರ ಒಟ್ಟು ಸಂಖ್ಯೆಗಿಂತಲೂ ಹೆಚ್ಚಾಗಿದ್ದಿತು. ಅಂಕಣದಲ್ಲಿ ಬಿದ್ದ ಅಂಕಿಯು ಎಷ್ಟು ಸುಲಭವಾಗಿ ಪ್ರಮಾಣವಾಗಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಉದಾಹರಣೆಯು ಸಿಕ್ಕುವುದು ಕಷ್ಟ. ೧೮೮೦ರ ಗಣತಿಯಲ್ಲಿ ಆ ಒಂದು ಅಂಕಣವು ಏಳಾಯಿತು. ಅವುಗಳಲ್ಲಿ ಅಪಸ್ಮಾರವೂ ಕುಡಿತದ ಚಟವೂ ಸೇರಿದ್ದುವು.

ಶಾಸ್ತ್ರೀಯವಾದ ವಿಭಾಗವು ಜರ್ಮನಿಯ ಎಮಿಲ್ ಕ್ರೇಪೆಲಿನನಿಂದ ಬಂದಿತು. ಒಬ್ಬೊಬ್ಬ ರೋಗಿಯ ವೃತ್ತಾಂತವನ್ನೂ ಒಂದೊಂದು ಕಾಗದದಲ್ಲಿ ಬರೆದಿಟ್ಟುಕೊಂಡು, ವರ್ಷಗಳಮೇಲೆ ಅವನ ಗತಿ ಏನಾಯಿತೆಂದು ನೋಡಿ ವಿಂಗಡಿಸುವುದು ಅವನ ಕ್ರಮ. ೧೮೯೯ರ ಆರನೆಯ ಆವೃತ್ತಿಯಲ್ಲಿ ಅವನು ಕ್ಷೀಣಿಸುತ್ತ ಹೋಗುವ ವ್ಯಾಧಿಯನ್ನೂ, ಬಂದು ಬಿಟ್ಟು ಮತ್ತೆ ಬರುವ ಹರ್ಷವಿಷಾದಗಳ ವ್ಯಾಧಿಯನ್ನೂ ಎರಡಾಗಿ ಒಡೆದನು. ಮೊದಲನೆಯದಕ್ಕೇ ೧೯೦೮ರಲ್ಲಿ ಸ್ವಿಟ್ಸರ್‌ಲೆಂಡಿನ ಬ್ಲಾಯ್ಲರನು ಸ್ಕಿಜೋಫ್ರೇನಿಯವೆಂದು ಹೆಸರಿಟ್ಟನು. ಇಲ್ಲಿ ವಿಭಾಜಕಧರ್ಮವು ಹೇತುವೂ ಅಲ್ಲ, ರೂಪವೂ ಅಲ್ಲ, ಪರಿಣಾಮ. ಅಂತ್ಯವನ್ನು ನೋಡಿ ಆದಿಯನ್ನು ನಿಶ್ಚಯಿಸುವ ಈ ಮಾರ್ಗದಲ್ಲಿ ರೋಗಿಯು ಬಾಗಿಲಲ್ಲಿ ನಿಂತಿರುವಾಗ ವೈದ್ಯನಿಗೆ ಏನೂ ತಿಳಿಯದೆಂಬುದೊಂದು ತೊಡಕು.

ಕಾರಣವು ತಿಳಿದ ಕೂಡಲೇ ವ್ಯಾಧಿಯು ಮನೋವ್ಯಾಧಿಗಳ ಮನೆಯನ್ನು ಬಿಟ್ಟುಹೋಗುವುದೂ ಇಲ್ಲಿ ಕಂಡುಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಹುಚ್ಚರ ಆಸ್ಪತ್ರೆಗಳಲ್ಲಿ ಅನೇಕರನ್ನು ಕೊಂದ ಪಕ್ಷಘಾತಸಹಿತವಾದ ಉನ್ಮಾದವೊಂದಿದ್ದಿತು. ೧೯೧೩ರಲ್ಲಿ ನೋಗುಚಿ ಮತ್ತು ಮೂರ್ ಎಂಬವರು ಅಂಥ ರೋಗಿಗಳ ಮೆದುಳಿನಲ್ಲಿ ಉಪದಂಶದ ಕ್ರಿಮಿಯನ್ನು ಕಂಡುದರಿಂದ ಅದು ಸಾಂಕ್ರಾಮಿಕರೋಗಗಳ ಪಂಕ್ತಿಗೆ ಸೇರಿತು. ೧೮೮೦ರ ಪಟ್ಟಿಯಲ್ಲಿದ್ದ ಅಪಸ್ಮಾರವು ಈಗ ನರವ್ಯೂಹದ ರೋಗಗಳ ಅಧ್ಯಾಯದಲ್ಲಿದೆ. ಹೀಗೆ ಒಂದೊಂದೇ ಹೊರಟುಹೋಗಲಾಗಿ, ಕಾರಣವು ತಿಳಿಯದವುಗಳೇ ಬಹುಪಾಲು ಈ ಅಧ್ಯಾಯದಲ್ಲಿ ಉಳಿದಿವೆ.

ಕಾರಣವು ತಿಳಿಯದಿದ್ದಾಗ ಒಬ್ಬ ವೈದ್ಯನ ಮಾತಿಗೂ ಇನ್ನೊಬ್ಬನ ಮಾತಿಗೂ ಹೊಂದಿಕೆಯಾಗುವುದೆಂತು? ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೇನಿಯವೆಂಬ ನಿದಾನವು ಲಂಡನಿನಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿ ಕಾಣುತ್ತಿತ್ತು. ಎರಡು ನಗರಗಳ ರೋಗಿಗಳನ್ನೂ ಒಂದೇ ಪ್ರಶ್ನಾವಳಿಯಿಂದ ಪರೀಕ್ಷಿಸಿದಾಗ ಆ ವ್ಯತ್ಯಾಸವು ಬಹುಮಟ್ಟಿಗೆ ಅಡಗಿತು. ಈ ಶೋಧನೆಯ ಗ್ರಂಥವು ೧೯೭೨ರಲ್ಲಿ ಪ್ರಕಟವಾಯಿತು. ಭೇದವಿದ್ದುದು ರೋಗಿಗಳಲ್ಲಲ್ಲ, ವೈದ್ಯರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು ಒಂಬತ್ತು ದೇಶಗಳಲ್ಲಿ ೧,೨೦೨ ರೋಗಿಗಳನ್ನು ಪರೀಕ್ಷಿಸಿ ೧೯೭೩ರಲ್ಲಿ ಹೊರತಂದ ವರದಿಯಲ್ಲಿಯೂ ವಾಷಿಂಗ್ಟನ್ ಮತ್ತು ಮಾಸ್ಕೋ ನಗರಗಳ ವೈದ್ಯರು ಆ ಹೆಸರನ್ನು ಉಳಿದವರಿಗಿಂತ ವಿಶಾಲವಾಗಿ ಬಳಸುತ್ತಿದ್ದರೆಂದು ತಿಳಿದುಬಂದಿತು. ಆ ಒಂಬತ್ತರಲ್ಲಿ ಭಾರತದ ಆಗ್ರಾ ನಗರವೂ ಒಂದು.

ಇದಕ್ಕೆ ಪರಿಹಾರವಾಗಿ ಅಮೆರಿಕದ ಮನೋವೈದ್ಯರ ಸಂಘವು ೧೯೮೦ರಲ್ಲಿ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯನ್ನು ಹೊರಡಿಸಿತು. ಕಾರಣದ ವಿಚಾರದಲ್ಲಿ ಯಾವ ಸಿದ್ಧಾಂತವನ್ನೂ ಹಿಡಿಯುವುದಿಲ್ಲವೆಂದು ಅದರಲ್ಲಿ ಪ್ರತಿಜ್ಞೆ. ಇಷ್ಟು ಕುರುಹುಗಳಲ್ಲಿ ಇಷ್ಟಾದರೂ ಇಷ್ಟು ಕಾಲ ಇದ್ದರೆ ಈ ಹೆಸರು ಎಂದು ನಿಯಮ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೂ ಮುಂದೆ ಇದೇ ದಾರಿಯನ್ನು ಹಿಡಿಯಿತು. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಗಳೆಂಬ ನಿದಾನಪಂಚಕದಲ್ಲಿ ರೂಪವೊಂದನ್ನು ಇಟ್ಟುಕೊಂಡು ಉಳಿದ ನಾಲ್ಕನ್ನು ಬದಿಗಿರಿಸಿದಂತಾಯಿತು. ಇದರಿಂದ ವೈದ್ಯವೈದ್ಯರೊಳಗೆ ಸಂವಾದವು ಹೆಚ್ಚಿತೆಂಬುದನ್ನು ಒಪ್ಪಲೇಬೇಕು. ಆದರೆ ಸಂವಾದವೇ ಪ್ರಾಮಾಣ್ಯವಲ್ಲ. ಹತ್ತು ಮಂದಿ ಸೇರಿ ಸಿಂಪಿಯನ್ನು ಬೆಳ್ಳಿಯೆಂದರೂ ಅದು ಸಿಂಪಿಯೇ.

ಖಿನ್ನತೆಯ ಲಕ್ಷಣವನ್ನು ಪರೀಕ್ಷಿಸಿದರೆ ಈ ಮಾತು ಸ್ಪಷ್ಟವಾದೀತು. ಹನ್ನೊಂದನೆಯ ಪರಿಷ್ಕರಣದಲ್ಲಿ ಇದಕ್ಕೆ ಹತ್ತು ಕುರುಹುಗಳನ್ನು ಹೇಳಿದ್ದಾರೆ: ಮನಸ್ಸು ಕುಗ್ಗುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು ಎಂಬ ಎರಡು ಪ್ರಧಾನ, ಏಕಾಗ್ರತೆಯಿಲ್ಲದಿರುವುದು, ತಾನು ಕೆಲಸಕ್ಕೆ ಬಾರದವನೆಂಬ ಭಾವ, ನಿರಾಶೆ, ಸಾವಿನ ಚಿಂತೆ, ನಿದ್ರೆಯ ವ್ಯತ್ಯಾಸ, ಹಸಿವಿನ ವ್ಯತ್ಯಾಸ, ಚೇಷ್ಟೆಯ ಚಾಂಚಲ್ಯ ಅಥವಾ ಮಾಂದ್ಯ, ಆಯಾಸ ಎಂಬ ಎಂಟು ಉಳಿದವು. ಪ್ರಧಾನವಾದವುಗಳಲ್ಲಿ ಒಂದಾದರೂ ಸೇರಿ ಒಟ್ಟಿನಲ್ಲಿ ಐದಾದರೂ ಎರಡು ವಾರಗಳ ಕಾಲ ಇರಬೇಕು. ಒಬ್ಬನಲ್ಲಿ ಮೊದಲನೆಯ ಪ್ರಧಾನವೂ ಎಂಟರಲ್ಲಿ ನಾಲ್ಕೂ ಇವೆಯೆಂದಿಟ್ಟುಕೊಂಡರೆ, ಇನ್ನೊಬ್ಬನಲ್ಲಿ ಎರಡನೆಯ ಪ್ರಧಾನವೂ ಉಳಿದ ನಾಲ್ಕೂ ಇರಬಹುದು. ಇಬ್ಬರಿಗೂ ಒಂದೇ ಹೆಸರು, ಒಂದೇ ಸಂಕೇತ. ಇಬ್ಬರಲ್ಲಿಯೂ ಸಮಾನವಾದ ಕುರುಹು ಒಂದೂ ಇಲ್ಲ. ಕಾಲದ ಅವಧಿ ಮತ್ತು ನಿತ್ಯವ್ಯವಹಾರಕ್ಕೆ ಒದಗಿದ ಹಾನಿ, ಇವೆರಡೇ ಇಬ್ಬರಿಗೂ ಸಾಧಾರಣ. ಅವಾದರೋ ಬೇರೆ ಅನೇಕ ವ್ಯಾಧಿಗಳಲ್ಲಿಯೂ ಉಂಟು. ಅನುಗತಧರ್ಮವಿಲ್ಲದೆ ಜಾತಿಯಿಲ್ಲವೆನ್ನುವ ತಾರ್ಕಿಕನು ಇದನ್ನು ಲಕ್ಷಣವೆಂದು ಒಪ್ಪಲಾರನು.

ಆಲಂಕಾರಿಕರಿಗೆ ಈ ತೊಡಕು ಚೆನ್ನಾಗಿ ಪರಿಚಿತವಾದುದು. ಭರತನ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಉನ್ಮಾದ, ಅಪಸ್ಮಾರ, ವ್ಯಾಧಿಗಳು ಮೂರೂ ಸೇರಿವೆ. ಉನ್ಮಾದಕ್ಕೆ ಇಷ್ಟಜನವಿಯೋಗ, ಐಶ್ವರ್ಯನಾಶ, ಅಭಿಘಾತ, ದೋಷಪ್ರಕೋಪಗಳನ್ನು ಅವನು ವಿಭಾವಗಳೆಂದು ಹೇಳಿದ್ದಾನೆ. ಕಣ್ಣೀರೆಂಬ ಅನುಭಾವವು ಶೃಂಗಾರದಲ್ಲಿಯೂ ಉಂಟು, ಕರುಣದಲ್ಲಿಯೂ ಉಂಟು, ಭಯಾನಕದಲ್ಲಿಯೂ ಉಂಟು. ಅದೊಂದರಿಂದ ರಸವನ್ನು ನಿಶ್ಚಯಿಸಲಾಗದೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ತೋರಿಸಿಕೊಟ್ಟಿದ್ದಾನೆ. ಅವನ ವಾದವು ಅಲ್ಲಿಗೇ ನಿಲ್ಲುವುದಿಲ್ಲ. ವಿಭಾವವೂ ಒಂಟಿಯಾಗಿ ನಿರ್ಣಾಯಕವಲ್ಲ. ಹುಲಿಯನ್ನು ಕಂಡು ಒಬ್ಬನು ಹೆದರಿದರೆ ಇನ್ನೊಬ್ಬನು ಉತ್ಸಾಹಗೊಳ್ಳುತ್ತಾನೆ. ಆದುದರಿಂದ ಅನುಭಾವವೊಂದನ್ನೇ ಹಿಡಿದ ನವೀನರಿಗೆ ದೋಷವಿದ್ದಂತೆ ಹೇತುವೊಂದನ್ನೇ ಹಿಡಿದ ಪ್ರಾಚೀನರಿಗೂ ದೋಷವು ತಪ್ಪಿದುದಲ್ಲ. ಒಂದೇ ಶೋಕದಿಂದ ಒಂದೇ ಮನೆಯಲ್ಲಿ ಒಬ್ಬನು ಬುದ್ಧಿಗೆಡುವುದೂ ಮತ್ತೊಬ್ಬನು ಸುಧಾರಿಸಿಕೊಳ್ಳುವುದೂ ಲೋಕಪ್ರಸಿದ್ಧವಷ್ಟೆ.

ಹೇತುವನ್ನು ಬಿಟ್ಟೆವೆಂದು ಹೇಳುವ ಪಟ್ಟಿಯಲ್ಲಿಯೂ ಅದು ಕೆಲವು ಕಡೆ ಉಳಿದುಕೊಂಡಿದೆ. ಆಘಾತವೇ ಮೊದಲಾದವುಗಳಿಂದ ಬರುವ ವ್ಯಾಧಿಗಳಿಗೂ, ಮದ್ಯ ಮಾದಕಾದಿ ದ್ರವ್ಯಗಳಿಂದ ಬರುವವುಗಳಿಗೂ ಹೆಸರೇ ಕಾರಣದಿಂದ ಬಂದುದು. ಬಂಧುವಿನ ಮರಣದ ದುಃಖವು ಆರು ತಿಂಗಳನ್ನು ಮೀರಿಯೂ ಆಯಾ ಸಮಾಜದ ಪದ್ಧತಿಗೆ ಹೊರಗಾಗಿ ಮುಂದುವರಿದರೆ ಅದಕ್ಕೆ ‘೬ಬಿ೪೨’ ಎಂಬ ಸಂಕೇತವಿದೆ. ಸುಶ್ರುತನು ಚರಕನ ಪಟ್ಟಿಗೆ ಸೇರಿಸಿದುದು ಸರಿಯಾಗಿ ಈ ಎರಡನ್ನೇ, ಮನೋದುಃಖವನ್ನೂ ವಿಷವನ್ನೂ. ಇಷ್ಟರಿಂದ ಎರಡೂ ಒಂದೇ ಎಂದು ಸಾಧಿಸಹೊರಡುವುದು ಸಾಹಸವಾದೀತು. ಕಾರಣವು ಕಣ್ಣಿಗೆ ಕಾಣುವ ಸ್ಥಳದಲ್ಲಿ ಅದನ್ನು ಬಿಡಲು ಯಾರಿಗೂ ಮನಸ್ಸು ಬಾರದೆಂದು ಮಾತ್ರ ಹೇಳಬಹುದು. ಆವೇಶಕ್ಕೂ ‘೬ಬಿ೬೩’ ಎಂದು ಸ್ಥಾನವುಂಟು. ಆದರೆ ಜನಸಮುದಾಯವು ಒಪ್ಪಿದ ಧಾರ್ಮಿಕ ಆಚಾರದ ಅಂಗವಾಗಿ ಬರುವ ಆವೇಶವು ವ್ಯಾಧಿಯಲ್ಲವೆಂದು ಅಲ್ಲಿಯೇ ಅಪವಾದವಿರುವುದರಿಂದ ತುಳುನಾಡಿನ ಭೂತಾರಾಧನೆಯಲ್ಲಿ ದರ್ಶನಕ್ಕೆ ನಿಲ್ಲುವ ಪಾತ್ರಿಯು ಈ ಸಂಕೇತಕ್ಕೆ ವಿಷಯನಲ್ಲ.

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂದು ಮೂರು ದೋಷಗಳು. ಗೋವಿಗೆ ಅತಿವ್ಯಾಪ್ತಿಯಾದರೆ ಎಮ್ಮೆಯೂ ಗೋವೆನಿಸೀತು. ಎಮ್ಮೆಗೆ ಅದರಿಂದ ನಷ್ಟವಿಲ್ಲ. ಮನೋವ್ಯಾಧಿಯ ಲಕ್ಷಣದಲ್ಲಿ ಅತಿವ್ಯಾಪ್ತಿಯಾದರೆ ನಷ್ಟಪಡುವವನು ಮನುಷ್ಯ. ಸೋವಿಯತ್ ದೇಶದಲ್ಲಿ ಸ್ನೆಜ್ನೆವ್‌ಸ್ಕಿಯ ಪಂಥದವರು ‘ಮಂದಗತಿಯ ಸ್ಕಿಜೋಫ್ರೇನಿಯ’ವೆಂದು ಒಂದು ಭೇದವನ್ನು ಕಲ್ಪಿಸಿದ್ದರು. ಅದರ ಕುರುಹುಗಳು ಎಷ್ಟು ಸಡಿಲವಾಗಿದ್ದುವೆಂದರೆ ಸರ್ಕಾರವನ್ನು ಸುಧಾರಿಸಬೇಕೆಂದು ಹಟಹಿಡಿದವನೂ ಅದರೊಳಗೆ ಬರುತ್ತಿದ್ದನು. ಭಿನ್ನಮತದವರು ಆಸ್ಪತ್ರೆಗಳಲ್ಲಿ ಬಂಧಿತರಾದರು. ೧೯೭೭ರಲ್ಲಿ ಹೊನೊಲುಲು ನಗರದಲ್ಲಿ ಕೂಡಿದ ವಿಶ್ವ ಮನೋವೈದ್ಯಸಂಘವು ಇದನ್ನು ಖಂಡಿಸಿತು. ೧೯೮೩ರಲ್ಲಿ ಸೋವಿಯತ್ ವೈದ್ಯರ ಸಂಘವು ಅದರ ಸದಸ್ಯತ್ವವನ್ನು ಬಿಟ್ಟಿತು. ಸಲಿಂಗಪ್ರೇಮದ ವಿಚಾರವೂ ಹೀಗೆಯೇ. ಅಮೆರಿಕದ ಸಂಘವು ೧೯೭೩ರ ಡಿಸೆಂಬರಿನಲ್ಲಿ ಅದನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಿಂದ ಅದು ಹೋದುದು ೧೯೯೦ರ ಹತ್ತನೆಯ ಪರಿಷ್ಕರಣದಲ್ಲಿ. ನಿನ್ನೆಯವರೆಗೆ ರೋಗಿಗಳೆನಿಸಿದ್ದವರು ಯಾವ ಔಷಧವೂ ಇಲ್ಲದೆ ಇಂದು ನೀರೋಗಿಗಳಾದರು.

ಭಾರತದ ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಶಾಸನವು ೨೦೧೮ರ ಮೇ ೨೯ರಂದು ಜಾರಿಗೆ ಬಂದಿತು. ಅದರ ಮೂರನೆಯ ವಿಧಿಯಂತೆ, ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಇತ್ತೀಚಿನ ಆವೃತ್ತಿಯೂ ಸೇರಿದಂತೆ ಮಾನ್ಯವಾದ ವೈದ್ಯಕೀಯ ಪ್ರಮಾಣಗಳಿಂದಲೇ ಮನೋವ್ಯಾಧಿಯನ್ನು ನಿರ್ಣಯಿಸಬೇಕು. ಅತಿವ್ಯಾಪ್ತಿಗೆ ಅಲ್ಲಿಯೇ ತಡೆಯನ್ನೂ ಹಾಕಿದ್ದಾರೆ: ಒಬ್ಬನ ಜಾತಿಮತಗಳಾಗಲಿ, ಸಮಾಜದ ನೀತಿಗೆ ಅವನು ಹೊಂದಿಕೊಳ್ಳದಿರುವುದಾಗಲಿ, ರಾಜಕೀಯವಾದ ಭಿನ್ನಾಭಿಪ್ರಾಯವಾಗಲಿ ನಿರ್ಣಯಕ್ಕೆ ಆಧಾರವಾಗಕೂಡದು; ಹಿಂದೆ ಆಸ್ಪತ್ರೆಯಲ್ಲಿದ್ದನೆಂಬುದೊಂದರಿಂದಲೇ ಈಗಲೂ ರೋಗಿಯೆನ್ನಕೂಡದು. ವಿಮೆಯ ವಿಚಾರದಲ್ಲಿ ಮನೋವ್ಯಾಧಿಯನ್ನು ದೇಹವ್ಯಾಧಿಗೆ ಸಮನಾಗಿ ಕಾಣಬೇಕೆಂದೂ ಇದೇ ಶಾಸನದ ವಿಧಿ. ವರ್ಗೀಕರಣದ ಒಂದೊಂದು ಪರಿಷ್ಕರಣವೂ ಹೀಗೆ ಈ ದೇಶದ ನ್ಯಾಯಸ್ಥಾನದವರೆಗೆ ಬಂದು ಮುಟ್ಟುತ್ತದೆ.

ಹೆಸರುಗಳ ವಿಚಾರದಲ್ಲಿ ಕನ್ನಡಿಗರು ಇನ್ನೂ ಯೋಚಿಸಬೇಕಾದುದಿದೆ. ಬೆಂಗಳೂರಿನ ಹುಚ್ಚರ ಆಸ್ಪತ್ರೆಯು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರನ್ನು ಬದಲಾಯಿಸಿಕೊಂಡಿತು. ಅದೇ ಮುಂದೆ ೧೯೫೪ರ ಅಖಿಲ ಭಾರತ ಸಂಸ್ಥೆಯೊಡನೆ ಕೂಡಿ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಜಪಾನೀಯರು ‘ಮನಸ್ಸು ಸೀಳಿದ ರೋಗ’ವೆಂದು ಅರ್ಥಬರುವ ತಮ್ಮ ಹಳೆಯ ಹೆಸರನ್ನು ೨೦೦೨ರಲ್ಲಿ ಬಿಟ್ಟು, ಸಮನ್ವಯವು ತಪ್ಪಿದ ಸ್ಥಿತಿಯೆಂಬ ಅರ್ಥದ ಬೇರೊಂದನ್ನು ಇಟ್ಟುಕೊಂಡರು. ವರ್ಗೀಕರಣದವರು ಇಂಗ್ಲಿಷಿನಲ್ಲಿ ‘ಡಿಸೀಸ್’ ಎಂಬುದನ್ನು ಬುದ್ಧಿಪೂರ್ವಕವಾಗಿ ಬಿಟ್ಟು ‘ಡಿಸಾರ್ಡರ್’ ಎಂಬುದನ್ನು ಹಿಡಿದರು; ಕಾರಣವು ತಿಳಿಯದುದನ್ನು ರೋಗವೆನ್ನಲು ಅವರಿಗೆ ಸಂಕೋಚ. ಇದಕ್ಕೆ ಕನ್ನಡದಲ್ಲಿ ‘ವಿಕಾರ’ವೆಂದರೆ ಸರಿಹೋಗದು. ವ್ಯಾಧಿ, ಆಮಯ, ಗದ, ಆತಂಕ, ಯಕ್ಷ್ಮ, ಜ್ವರ, ವಿಕಾರ, ರೋಗಗಳೆಂಬಿವು ಒಂದೇ ಅರ್ಥದವೆಂದು ನಿದಾನಸ್ಥಾನದ ಮೊದಲಲ್ಲಿಯೇ ಚರಕನು ಎಣಿಸಿರುವುದರಿಂದ, ಅವರು ಬಿಟ್ಟುದನ್ನೇ ತಿರುಗಿ ತಂದಂತಾಗುವುದು. ‘ವ್ಯತ್ಯಯ’ವೆಂಬುದು ಕ್ರಮದ ಕೇಡನ್ನು ಮಾತ್ರ ಹೇಳುವುದರಿಂದ ಹೆಚ್ಚು ಸಮೀಪವೆಂದು ತೋರುತ್ತದೆ, ಕಿವಿಗೆ ಒಗ್ಗುವುದೆ ಎಂಬುದು ಬೇರೆಯ ಮಾತು. ಹೆಸರಿಡಲಾರದೆ ಹೋದ ವೈದ್ಯನು ನಾಚಬೇಕಾಗಿಲ್ಲ, ಎಲ್ಲ ವಿಕಾರಗಳಿಗೂ ಸ್ಥಿರವಾದ ಹೆಸರಿಲ್ಲ ಎಂದು ಅದೇ ಚರಕನು ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯದಲ್ಲಿ ಸಮಾಧಾನ ಹೇಳಿರುವುದನ್ನೂ ಮರೆಯತಕ್ಕುದಲ್ಲ.

ಈಗ ಚರಕಸುಶ್ರುತರ ಸಂಪ್ರದಾಯವೂ ಈ ಸಂಕೇತಗಳೊಳಗೆ ಬಂದಿದೆ. ೨೦೨೪ರ ಜನವರಿ ೧೦ರಂದು ದೆಹಲಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿ ವೈದ್ಯಪದ್ಧತಿಗಳ ಪಾರಿಭಾಷಿಕಗಳಿಗಾಗಿ ಹನ್ನೊಂದನೆಯ ಪರಿಷ್ಕರಣದ ಇಪ್ಪತ್ತಾರನೆಯ ಅಧ್ಯಾಯದ ಎರಡನೆಯ ಭಾಗವು ಬಿಡುಗಡೆಯಾಯಿತು. ಈ ಅಧ್ಯಾಯದ ಸಂಕೇತಗಳನ್ನು ಮರಣದ ಲೆಕ್ಕದಲ್ಲಿ ಉಪಯೋಗಿಸಕೂಡದು. ಉಳಿದೆಡೆಗಳಲ್ಲಿಯೂ ಬೇರೆ ಅಧ್ಯಾಯದ ಸಂಕೇತದೊಡನೆ ಸೇರಿಸಿಯೇ ಬರೆಯಬೇಕು. ಈ ನಿಯಮದಂತೆ ನಡೆಯುವ ಆಯುರ್ವೇದದ ವೈದ್ಯನ ಕಾಗದದಲ್ಲಿ ಒಬ್ಬನೇ ರೋಗಿಯ ಹೆಸರಿನ ಮುಂದೆ ಎರಡು ಸಂಕೇತಗಳು ನಿ‍ಲ್ಲುತ್ತವೆ: ಒಂದು ಹೇತುವನ್ನು ನೋಡಿ ವಿಭಾಗಿಸಿದ ಸಂಪ್ರದಾಯದ್ದು, ಇನ್ನೊಂದು ರೂಪವನ್ನು ನೋಡಿ ವಿಭಾಗಿಸಿದ ಆರನೆಯ ಅಧ್ಯಾಯದ್ದು.